ಸಿಂಚನ ಹಾಡದ ಚರಣ

ಅವ್ವಾ,

ನಿನ್ನ ಮಗಳು ಗಿರಿಜ ಬರೆಯುತ್ತಿರುವುದು. ಇಲ್ಲಿ ಎಲ್ಲರೂ ಕ್ಷೇಮ ಅಂತ ಮೊದಲ ಸಾಲಿನಲ್ಲೇ ಬರೆದು ಮುಗಿಸಿಬಿಡುವ ಅಭ್ಯಾಸ ನಿನಗೂ ಇತ್ತು, ನನಗೂ ಇದೆ. ಈ ಸಲ ಅದನ್ನು ಬರೆಯೋಕೆ ಕೈ ಬರುತ್ತಿಲ್ಲ. ನೀನು ಹೋಗಿ ಮೂರು ವರ್ಷವಾಯಿತು. ನಿನಗೆ ಹೇಳಬೇಕು ಅನ್ನಿಸಿದ್ದು ಎಷ್ಟೋ ಇತ್ತು. ಆದರೆ ಕೂತು ಬರೆಯುವಷ್ಟು ಹೆದರಿಕೆ ಇದುವರೆಗೂ ಆಗಿರಲಿಲ್ಲ.

ಅವತ್ತು ಸಂಜೆ ನಾನು ಹಿತ್ತಲ ನಲ್ಲಿಯ ಹತ್ತಿರ ಪಾತ್ರೆ ಉಜ್ಜುತ್ತಿದ್ದೆ. ನಿನ್ನ ಮೊಮ್ಮಗಳು ಸಿಂಚನ ಬಾಗಿಲಲ್ಲಿ ನಿಂತು ಏನೋ ಕೇಳಿದಳು. ಈಗ ಎಂಟನೇ ಕ್ಲಾಸು ಅವಳು, ನನ್ನ ಕಿವಿಯವರೆಗೆ ಬಂದಿದ್ದಾಳೆ. ನಾನು ಹೂಂ ಅಂದೆ. ಇನ್ನೊಂದೇನೋ ಕೇಳಿದಳು. ಅದಕ್ಕೂ, "ಹೂಂ, ಆಯ್ತು ಬುಡು" ಅಂದೆ. ಹುಡುಗಿ ಕುಣಿದುಕೊಂಡು ಒಳಗೆ ಹೋದಳು. ಊಟಕ್ಕೆ ಕೂತಾಗ ಇವರು ನನ್ನ ಮುಖ ನೋಡಿ ಒಂದೇ ಸಮ ನಗುತ್ತಿದ್ದರು. "ಏನೇ, ಕಾಡಲ್ಲಿ ಟೆಂಟ್ ಹಾಕ್ಕೊಂಡು ಎರಡು ದಿನ ಇರಕ್ಕೆ ಒಪ್ಕೊಂಡ್ಯಂತೆ? ನಮ್ಮಕ್ಕನ ಮನೇಲಿ ಒಂದು ದಿನ ಇರು ಅಂದ್ರೆ ಹಾಸಿಗೆ ಸರಿಯಿಲ್ಲ ಅಂತೀಯಲ್ಲ ನೀನು." ಆಮೇಲೆ ಒಂದೊಂದಾಗಿ ತಿಳಿಯಿತು. ಚಿಕ್ಕನಾಯಕನಹಳ್ಳಿ ಕಡೆ ಗುಡ್ಡದ ಬುಡದಲ್ಲಿ ಒಂದು ಹಳೇ ತೋಪಿದೆಯಂತೆ. ಅಲ್ಲಿ ಯಾರೋ ಹಾಡುವವರು, ಬಾರಿಸುವವರು ಸೇರಿ ಎರಡು ದಿನದ ಸಂಗೀತದ ಹಬ್ಬ ಮಾಡುತ್ತಾರಂತೆ. ಸಂಸಾರ ಸಮೇತ ಹೋಗಿ ಮರದಡಿ ಟೆಂಟಿನಲ್ಲೇ ಇರಬೇಕಂತೆ. ಎರಡನೇ ದಿನ ಬೆಳಿಗ್ಗೆ ಸುತ್ತಮುತ್ತಲ ಶಾಲೆ ಮಕ್ಕಳು ಹಾಡುವುದಂತೆ, ಅದಕ್ಕೆ ಸಿಂಚನಳ ಹೆಸರನ್ನು ಅವಳ ಸಂಗೀತದ ಮಿಸ್ ಕೊಟ್ಟಾಗಿದೆಯಂತೆ. ಇಷ್ಟಕ್ಕೂ ನಾನು ಹೂಂ ಅಂದಿದ್ದೆ. ಕೇಳಿಸಿರಲಿಲ್ಲ ಅಂತ ಹೇಳುವ ಬದಲು ನಾನೂ ಅವರ ಜೊತೆ ನಕ್ಕೆ.

ಹೋದ ಸಲ ಅಟ್ಟದ ತೆಂಗಿನಕಾಯಿ ಇಳಿಸಿದ ದಿನವೇ ನನಗೆ ಗೊತ್ತಾಗಬೇಕಿತ್ತು. ನೀನು ಹೋದ ಮೇಲೆ ಕಾಯಿ ಆರಿಸುವ ಕೆಲಸ ನನ್ನ ಪಾಲಿಗೆ ಬಂತಲ್ಲ. ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಮಲಗಿದ ಕಾಯಿಗಳನ್ನು ಒಂದೊಂದಾಗಿ ಎತ್ತಿ, ಕಿವಿಯ ಹತ್ತಿರ ಅಲ್ಲಾಡಿಸಿ ನೋಡಬೇಕು. ಒಳಗೆ ನೀರು ಕುಲುಕಿದರೆ ವಾಪಸ್ ಇಡಬೇಕು. ನೀರೆಲ್ಲ ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಲೊಟಲೊಟ ಅಂದರೆ ಮಾತ್ರ ಕೆಳಗೆ ಹಾಕಬೇಕು. ನಿನಗೇ ನಾನು ಇದನ್ನು ಹೇಳಿಕೊಡುತ್ತಿದ್ದೇನೆ ನೋಡು. ಅವತ್ತು ನಾನು ಬಲಗೈಯಲ್ಲಿ ಅಲ್ಲಾಡಿಸಿದೆ, ಎಡಗೈಯಲ್ಲಿ ಅಲ್ಲಾಡಿಸಿದೆ, ಸರಿಯಾಗಿ ಕೇಳಿಸಲಿಲ್ಲ. ಹಗುರ ಅನ್ನಿಸಿದ್ದನ್ನೆಲ್ಲ ಅಂದಾಜಿನಲ್ಲಿ ಕೆಳಗೆ ಹಾಕಿದೆ. ಸುಲಿಯುವವರು ಸುಲಿದು ಒಡೆದರೆ ಒಳಗೆ ನೀರು. ಉಂಡೆಯಾಗಿ ಬರಬೇಕಾದ ಕೊಬ್ಬರಿ ಚಿಪ್ಪಿಗೆ ಕಚ್ಚಿಕೊಂಡು ಚೂರುಚೂರಾಗಿ ಬಂತು. "ಏನೇ ಇದು, ಅರ್ಧಕ್ಕರ್ಧ ನೀರುಗಾಯೇ ಇಳಿಸಿದ್ದೀಯಲ್ಲ? ನಿಮ್ಮವ್ವ ಇಷ್ಟು ವರ್ಷದಲ್ಲಿ ಒಂದು ಕಾಯಿ ತಪ್ಪಿದ್ದು ನಾ ಕಾಣೆ" ಅಂದರು ಇವರು. "ಈ ಸಲ ಮಳೆ ಜಾಸ್ತಿ ಕಣ್ರೀ, ಅಟ್ಟ ಥಂಡಿ ಹಿಡ್ಕಂಡೈತೆ" ಅಂದೆ. ಮಳೆಯ ಮೇಲೆ ಹಾಕಿದರೆ ಯಾರು ಬಂದು ಕೇಳುತ್ತಾರೆ?

ಎಲ್ಲರೂ ಹೋದ ಮೇಲೆ ನಾನೊಬ್ಬಳೇ ಅಟ್ಟ ಹತ್ತಿ ಕೂತೆ. ನೀನು ಹೇಗೆ ಮಾಡುತ್ತಿದ್ದೆ ಅಂತ ನೆನಪು ಮಾಡಿಕೊಂಡೆ. ಬೇರೆಯವರೆಲ್ಲ ಕಿವಿಯ ಮುಂದೆ ಅಲ್ಲಾಡಿಸಿದರೆ ನೀನು ಮಾತ್ರ ಕಾಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿ ಹಿಡಿದು ಅಲ್ಲಾಡಿಸುತ್ತಿದ್ದೆ. ಓಣಿಯ ಹೆಂಗಸರೆಲ್ಲ ಅದನ್ನು ನಿನ್ನ ಕೈಗುಣ ಅಂತ ಹೊಗಳುತ್ತಿದ್ದರು. ಒಂದು ಕಾಯಿ ತೆಗೆದು ನಾನೂ ಹಾಗೇ ಒತ್ತಿ ಹಿಡಿದೆ. ತಲೆಯೊಳಗೇ ಬಡಿದ ಹಾಗೆ ಲೊಟಲೊಟ ಅಂತ ಕೇಳಿಸಿತು. ಅವ್ವಾ, ನೀನು ಹಾಗೆ ಮಾಡುವುದನ್ನು ನಾನು ಮೊದಲು ನೋಡಿದ್ದು ಎರಡನೇ ಕ್ಲಾಸಿನಲ್ಲಿ. ಆಗ ನಿನಗೆ ಮೂವತ್ತೂ ಆಗಿರಲಿಲ್ಲ. ವಯಸ್ಸಾದ ಮೇಲೆ ನಿನಗೆ ಕಿವಿ ಮಂದವಾಯಿತು ಅಂತ ನಾವೆಲ್ಲ ಅಂದುಕೊಂಡಿದ್ದೆವು. ಅಷ್ಟು ವರ್ಷ ಯಾರಿಗೂ ತಿಳಿಯದ ಹಾಗೆ... ಅಪ್ಪನಿಗಾದರೂ ಹೇಳಿದ್ದೆಯಾ?

ತೋಪಿಗೆ ಹೊರಟ ಬೆಳಿಗ್ಗೆ ಇವರ ಲಗೇಜ್ ಆಟೋದ ಹಿಂದೆ ಚಾಪೆ, ಕಂಬಳಿ, ನೀರಿನ ಕ್ಯಾನು, ರೊಟ್ಟಿ ಗಂಟು, ಹುಚ್ಚೆಳ್ಳು ಚಟ್ನಿಪುಡಿಯ ಡಬ್ಬಿ ಎಲ್ಲ ತುಂಬಿ, ಮುಂದೆ ನಾವು ಮೂವರೂ ಒತ್ತಿಕೊಂಡು ಕೂತೆವು. ಕಿಬ್ಬನಹಳ್ಳಿ ಕ್ರಾಸಿನಲ್ಲಿ ಟೀ ಕುಡಿಯುವವರೆಗೂ ಸಿಂಚನಳ ಬಾಯಿ ಮುಚ್ಚಲಿಲ್ಲ. ಅವಳು ಹಾಡಲು ಆರಿಸಿಕೊಂಡಿದ್ದು ನಿನ್ನ ಹಾಡು, ನೀನು ಕಾಯಿ ಆರಿಸುವಾಗ ಸಣ್ಣ ದನಿಯಲ್ಲಿ ಹೇಳಿಕೊಳ್ಳುತ್ತಿದ್ದ ಆ ಬೀಸುವ ಪದ. ಕಿವಿ ಕೇಳದವರು ಕೂಗಿ ಮಾತಾಡುತ್ತಾರೆ ಅನ್ನುತ್ತಾರೆ. ನೀನು ಸಣ್ಣ ದನಿಯವಳಾದ್ದರಿಂದಲೇ ಯಾರಿಗೂ ಅನುಮಾನ ಬರಲಿಲ್ಲವೇನೋ. "ಅಮ್ಮ, ನೀನು ಮುಂದೇನೇ ಕೂತ್ಕೋಬೇಕು. ನಿನ್ನ ಮುಖ ನೋಡ್ಕೊಂಡೇ ಹಾಡೋದು ನಾನು" ಅಂದಳು. ಮೈಕ್ ಇರುತ್ತದೆ, ದೊಡ್ಡ ದೊಡ್ಡ ಸ್ಪೀಕರ್ ಇರುತ್ತದೆ, ಹೇಗೋ ಆಗುತ್ತದೆ ಅಂತ ನಾನು ದಾರಿಯುದ್ದಕ್ಕೂ ಧೈರ್ಯ ತಂದುಕೊಳ್ಳುತ್ತಿದ್ದೆ.

ಗಾಡಿ ಇಳಿದ ಕೂಡಲೇ ಕಣ್ಣಿಗೆ ಬಿದ್ದದ್ದು ಒಂದು ಬೋರ್ಡು. ಹೊಂಗೆ ಮರಕ್ಕೆ ಕಟ್ಟಿದ್ದರು: ಇಲ್ಲಿ ಮೈಕ್ ಇಲ್ಲ, ಹಕ್ಕಿಗಳಿಗೆ ತೊಂದರೆಯಾಗದಿರಲಿ. ಇವರು ಬೋರ್ಡು ಓದಿ, "ಒಳ್ಳೇದಾಯ್ತು ಬುಡು, ತಲೆನೋವು ತಪ್ತು" ಅಂದರು. ತೋಪು ಚೆನ್ನಾಗಿತ್ತು ಅವ್ವಾ, ಸುಳ್ಳು ಯಾಕೆ ಹೇಳಲಿ. ಹೊಂಗೆ, ಹಲಸು, ಮಾವು, ಮಧ್ಯೆ ಮಧ್ಯೆ ಕಾಡುಗಿಡ. ಎಲೆ ಉದುರಿದ ನೆಲದ ಮೇಲೆ ಬಣ್ಣಬಣ್ಣದ ಟೆಂಟುಗಳು. ಇವರು ನಮ್ಮ ಟೆಂಟು ಕಟ್ಟಲು ಹೋಗಿ ಅದರೊಳಗೇ ಸಿಕ್ಕಿಕೊಂಡರು, ಕೊನೆಗೆ ಸಿಂಚನ ಹೊರಗಿನಿಂದ ದಾರಿ ತೋರಿಸಿ ಎಳೆದಳು. ಅಷ್ಟು ಹೊತ್ತೂ ನಾನು ಜಾಗ ನೋಡುತ್ತಿದ್ದೆ. ಹಾಡುವವರು ಎಲ್ಲಿ ನಿಲ್ಲುತ್ತಾರೆ, ಜನ ಎಲ್ಲಿ ಕೂರುತ್ತಾರೆ, ಗಾಳಿ ಯಾವ ಕಡೆಯಿಂದ ಬೀಸುತ್ತದೆ ಅಂತ. ನೀನು ಯಾವ ಮದುವೆಗೆ ಹೋದರೂ ಮೊದಲು ಗೋಡೆ ಪಕ್ಕದ ಮೂಲೆ ಹುಡುಕುತ್ತಿದ್ದೆಯಲ್ಲ, ಅದೂ ಇದೇ ಲೆಕ್ಕಾಚಾರವಾ?

ಪಕ್ಕದ ಟೆಂಟಿನಲ್ಲಿ ಮೈಸೂರಿನಿಂದ ಬಂದ ಒಬ್ಬ ಹೆಂಗಸು, ಕೈಗೂಸು. ಬಾಯಿ ತೆರೆದರೆ ಉಸಿರು ಬಿಟ್ಟ ಹಾಗೆ ಮೆಲುಮಾತು, ನನಗೆ ಒಂದೂ ಕೇಳಿಸದು. ನಾನು ಇತ್ತೀಚೆಗೆ ಕಲಿತ ವಿದ್ಯೆಯನ್ನೇ ಉಪಯೋಗಿಸಿದೆ: ಅವರು ಕೇಳುವ ಮೊದಲೇ ನಾನೇ ಮಾತಾಡಿಬಿಡುವುದು. ನಮ್ಮೂರು ನೊಣವಿನಕೆರೆ ಹತ್ತಿರ, ಇವರು ಮನೆಅಳಿಯನಾಗಿ ಬಂದವರು, ಹುಚ್ಚೆಳ್ಳಿನ ಚಟ್ನಿಪುಡಿಗೆ ಎಣ್ಣೆ ಹಾಕಿಕೊಳ್ಳಬೇಕು, ಮಗುವಿಗೆ ಟೋಪಿ ಹಾಕಿ... ಆಕೆ ಉಸಿರು ತೆಗೆದುಕೊಳ್ಳಲೂ ಬಿಡಲಿಲ್ಲ. "ಈಚೆಗೆ ನಿನ್ನ ಬಾಯಿ ಜಾಸ್ತಿ ಆಯ್ತು ಕಣೇ" ಅಂದರು ಇವರು. ಆದರೆ ಆಗಲಿ ಅಂದುಕೊಂಡೆ.

ಮೊದಲ ದಿನ ಸಂಜೆ, ಬಿಸಿಲು ಇಳಿಯುವ ಹೊತ್ತಿಗೆ, ಒಂದು ತಂಡ ತಮಟೆ, ನಗಾರಿ ಹಿಡಿದು ನಿಂತಿತು. ಬಡಿತ ಶುರುವಾದದ್ದೇ ತಡ, ನೆಲದಿಂದ ನನ್ನ ಅಂಗಾಲಿಗೆ, ಅಲ್ಲಿಂದ ಎದೆಗೆ ಹತ್ತಿತು. ಎಲ್ಲ ಕೇಳಿಸಿತು ಅವ್ವಾ, ಒಂದೊಂದು ಪೆಟ್ಟೂ. ಇವರು ಟವೆಲ್ ಸೊಂಟಕ್ಕೆ ಬಿಗಿದು ಕುಣಿದರು. ಸಿಂಚನ ನಾಚಿಕೆಯಿಂದ ಮುಖ ಮುಚ್ಚಿಕೊಂಡಳು, ಆಮೇಲೆ ತಾನೂ ಹೋದಳು. ಆ ಒಂದು ಗಂಟೆ ನನಗೆ ಏನೂ ಆಗಿಲ್ಲ, ಎಲ್ಲ ನನ್ನ ಭ್ರಮೆ ಅಂದುಕೊಂಡು ಸುಖವಾಗಿದ್ದೆ. ಮಲಗಿದಾಗ ಸಿಂಚನ ನನ್ನ ಬೆನ್ನಿಗಂಟಿಕೊಂಡು ಏನೋ ಹೇಳಿದಳು. ನಾನು ಹೂಂ ಅಂದೆ.

ಮಾರನೇ ದಿನ ಬೆಳಿಗ್ಗೆ ಹಲಸಿನ ಮರದ ಸುತ್ತ ಮಕ್ಕಳು, ಅವರ ಸುತ್ತ ಜನ. ನಾವು ಹೋಗುವಷ್ಟರಲ್ಲಿ ಮುಂದಿನ ಚಾಪೆಗಳೆಲ್ಲ ತುಂಬಿದ್ದವು. ಇವರು ಫೋನ್ ಹಿಡಿದು ಪಕ್ಕದ ಬೇಲಿಯ ಹತ್ತಿರ ನಿಂತರು. ನನಗೆ ಸಿಕ್ಕಿದ್ದು ನಾಲ್ಕನೇ ಸಾಲು. ಸಿಂಚನ ಎದ್ದು ನಿಂತಾಗ ನನ್ನನ್ನು ಹುಡುಕಿದಳು, ನಾನು ಕೈ ಎತ್ತಿದೆ. ಅವಳ ಬಾಯಿ ತೆರೆಯಿತು. ಗಾಳಿಗೆ ಎಲೆ ಅಲ್ಲಾಡುತ್ತಿತ್ತು. ಎಲ್ಲೋ ಒಂದು ಎಳೆ ದನಿ ಬಂದ ಹಾಗಾಯಿತು, ಹೋದ ಹಾಗಾಯಿತು. ಹಾಡು ನನಗೆ ಬಾಯಿಪಾಠ ಅಲ್ಲವಾ, ಅವಳ ತುಟಿ ನೋಡಿಕೊಂಡು ನಾನೇ ಒಳಗೆ ಹಾಡಿಕೊಂಡೆ. ಮೊದಲ ಚರಣ ಆಯಿತು, ಎರಡನೆಯದು ಆಯಿತು. ತಲೆದೂಗಿದೆ, ನಕ್ಕೆ, ತೊಡೆಯ ಮೇಲೆ ತಾಳ ಹಾಕಿದೆ. ಪಕ್ಕದಲ್ಲಿ ಕೂತಿದ್ದ ಆ ಮೈಸೂರಿನ ಹೆಂಗಸು ನನ್ನನ್ನು ಒಂದು ಥರ ನೋಡಿದರು. ಮಗಳು ಹಾಡಿದರೆ ತಾಯಿಗೆ ಇಷ್ಟು ಖುಷಿಯಾ ಅಂತ ಇರಬೇಕು ಅಂದುಕೊಂಡೆ. ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವಳು ನಾನೇ.

ಅವಳು ಹತ್ತಿರ ಬಂದಾಗ ಮುಖ ಕೆಂಪಾಗಿತ್ತು. ನಾನು ತಬ್ಬಿಕೊಂಡು, "ಎಷ್ಟು ಚೆನ್ನಾಗಿ ಹಾಡ್ದೆ ಕಣಮ್ಮ. ಎರಡನೇ ಚರಣ ಅಂತೂ ನಿಮ್ಮಜ್ಜೀನೇ ಹೇಳ್ದಂಗಿತ್ತು" ಅಂದೆ. ಅವಳು ನನ್ನ ತೋಳು ಬಿಡಿಸಿಕೊಂಡು ಟೆಂಟಿನ ಕಡೆ ಹೊರಟಳು. ನಾನು ಹಿಂದೆ ಓಡಿದೆ. ಟೆಂಟಿನ ಬಾಗಿಲಲ್ಲಿ ತಿರುಗಿ ನಿಂತಳು.

"ಯಾಕಮ್ಮ ಹಂಗೆ ಆಡ್ಕೊಳ್ತೀಯ?"

"ನಾನೆಲ್ಲಿ ಆಡ್ಕೊಂಡೆ?"

"ನಾನು ಎರಡನೇ ಚರಣ ಹಾಡೇ ಇಲ್ಲ. ಗಂಟ್ಲು ಕಟ್ಕೊಂಡು ದನೀನೇ ಬರ್ಲಿಲ್ಲ. ಸುಮ್ನೆ ಬಾಯಿ ಆಡಿಸ್ದೆ. ಎಲ್ರೂ ಪಾಪ ಅಂತ ನೋಡ್ತಿದ್ರು. ನೀನೊಬ್ಳು ನಗ್ತಾ ತಾಳ ಹಾಕ್ತಿದ್ದೆ."

ಯಾವ ಮಳೆಯ ಮೇಲೆ ಹಾಕಲಿ ಇದನ್ನು? ಅವಳು ನನ್ನ ಮುಖವನ್ನೇ ನೋಡುತ್ತ ನಿಂತಳು. ಸಿಟ್ಟು ಸ್ವಲ್ಪ ಸ್ವಲ್ಪವಾಗಿ ಇಳಿಯಿತು. ಆಮೇಲೆ ಹತ್ತಿರ ಬಂದು, ತುಟಿ ಬಿಡಿಸಿ ಬಿಡಿಸಿ ಕೇಳಿದಳು. "ಅಮ್ಮ, ಕಿವಿ ಕೇಳ್ಸಲ್ವಾ ನಿಂಗೆ?"

ಸಿಂಚನಳ ನಾಮಕರಣದ ದಿನ ನಿನಗೆ ನೆನಪಿದೆಯಾ? ನೆನಪಿಲ್ಲದೆ ಏನು. ನೀನು ಒಲೆಯ ಮುಂದೆ ನಿಂತಿದ್ದೆ, ಹಾಲು ಉಕ್ಕಿ ಚೆಲ್ಲುತ್ತಿತ್ತು, ನಾನು ನಡುಮನೆಯಿಂದ ಮೂರು ಸಲ ಕೂಗಿದೆ. ಕೊನೆಗೆ ಬಂದು, ನೆಂಟರೆಲ್ಲರ ಮುಂದೆ, ಇದೇ ಮಾತನ್ನು ನಿನಗೆ ಅಂದೆ. ಕಿವಿ ಕೇಳ್ಸಲ್ವಾ ನಿಂಗೆ, ಅಂತ. ಜೊತೆಗೆ ಇನ್ನೊಂದು ಮಾತೂ ಅಂದೆ, ಅದನ್ನು ಇಲ್ಲಿ ಬರೆಯಲಾರೆ. ಯಾರೋ ನಕ್ಕರು. ನೀನು ಒಲೆ ಸಣ್ಣ ಮಾಡಿ, "ಒಲೆ ಸದ್ದಿಗೆ ಗೊತ್ತಾಗ್ಲಿಲ್ಲ ಕಣಮ್ಮಿ" ಅಂದೆ. ಆಮೇಲೆ ಅವತ್ತಿಡೀ ಅಡುಗೆಮನೆ ಬಿಟ್ಟು ಹೊರಗೆ ಬರಲಿಲ್ಲ. ನನ್ನ ಮಗಳು ಕೇಳಿದ್ದೂ ಅದೇ ಮಾತು. ಅವಳು ಕೇಳಿದಾಗ ಅದರಲ್ಲಿ ಬೈಗುಳ ಇರಲಿಲ್ಲ. ನಾನು ಯಾಕೆ ಇಷ್ಟು ದಿನ ಮುಚ್ಚಿಟ್ಟೆ ಅಂತ ನನಗೆ ಅವಾಗ ಗೊತ್ತಾಯಿತು. ನಾನು ನಿನ್ನನ್ನು ನಡೆಸಿಕೊಂಡ ಹಾಗೆ ಇವರೆಲ್ಲ ನನ್ನನ್ನು ನಡೆಸಿಕೊಳ್ಳುತ್ತಾರೆ ಅಂತ ಹೆದರಿದ್ದೆ ಅವ್ವಾ, ಅಷ್ಟೇ.

ಟೆಂಟಿನೊಳಗೆ ಕೂತು ಎಲ್ಲ ಹೇಳಿದೆ. ನೀರುಗಾಯಿ, ನಿನ್ನ ಕೈಗುಣ, ಪಾತ್ರೆ ಉಜ್ಜುವಾಗಿನ ಹೂಂ. ಅವಳು ಮಧ್ಯದಲ್ಲಿ ನಕ್ಕಳು ಕೂಡ. "ಹಂಗಾದ್ರೆ ನೀನು ಕೇಳಿಸ್ಕೊಂಡು ಒಪ್ಪಿದ್ದಲ್ವಾ? ಛೆ." ಆಮೇಲೆ ಸ್ವಲ್ಪ ಹೊತ್ತು ಚಾಪೆಯ ಕಡ್ಡಿ ಕೀಳುತ್ತ ಕೂತಳು. "ಅಜ್ಜಿಗಿತ್ತು, ನಿಂಗೈತೆ. ನಂಗೂ ಬರುತ್ತಾ?" ಅಂದಳು. ತುಂಬ ಮೆಲ್ಲಗೆ ಅಂದಿರಬೇಕು. ನಾನು ತುಟಿಯಲ್ಲೇ ಓದಿದೆ. ಅಲ್ಲಿಯವರೆಗೆ ನನ್ನದೇ ಚಿಂತೆ ಮಾಡುತ್ತಿದ್ದವಳಿಗೆ ಈ ಚಿಂತೆ ತಲೆಗೇ ಬಂದಿರಲಿಲ್ಲ. ಇಲ್ಲ ಅನ್ನಲು ನಾನು ಯಾರು?

ಇವರಿಗೆ ವಿಷಯ ತಿಳಿದಾಗ ಟೆಂಟು ಮಡಚುತ್ತಿದ್ದರು. ಅದು ಚೀಲದೊಳಗೆ ಹೋಗಲೊಲ್ಲದು, ಇವರು ಬಿಡಲೊಲ್ಲರು. ಅದನ್ನು ಹಾಗೇ ಕೆಳಗೆ ಹಾಕಿ ಅದರ ಮೇಲೇ ಕೂತರು. "ಹೇಳಕ್ಕೇನಾಗಿತ್ತು ನಿಂಗೆ? ನಾನೇನು ಹೊರಗಿನವ್ನಾ?" ಅಂದರು. ಆಮೇಲೆ ನೆನಪಾದವರ ಹಾಗೆ, "ಆ ಕಾಯಿ ವಿಷಯಕ್ಕೆ ಅಷ್ಟು ರೇಗ್ಬಿಟ್ಟೆನಲ್ಲ..." ಅಂದು ನಿಲ್ಲಿಸಿದರು. ವಾಪಸ್ ಬರುವಾಗ ಆಟೋದ ಸದ್ದಿಗೆ ಮೂವರೂ ಕೂಗಿಯೇ ಮಾತಾಡಬೇಕಿತ್ತು. ಸಿಂಚನ ನನ್ನ ಪಕ್ಕ ಒತ್ತಿಕೊಂಡು ಕೂತು, ಗಂಟಲು ಹರಿಯುವ ಹಾಗೆ ಎರಡನೇ ಚರಣ ಹಾಡಿದಳು. ಶ್ರುತಿ ಎಲ್ಲೋ, ತಾಳ ಎಲ್ಲೋ. ಒಂದಕ್ಷರ ಬಿಡದೆ ಕೇಳಿಸಿತು. ಅಳು ತಡೆಯಲಾಗಲಿಲ್ಲ, ತಡೆಯಲೂ ಇಲ್ಲ.

ನಿನ್ನೆ ತುಮಕೂರಿಗೆ ಹೋಗಿದ್ದೆವು, ಕಿವಿ ಡಾಕ್ಟರ ಹತ್ತಿರ. ನನ್ನ ಕಿವಿಯೊಳಗಿನ ಒಂದು ಸಣ್ಣ ಮೂಳೆ ಅಲುಗಾಡದ ಹಾಗೆ ಬಿಗಿದುಕೊಂಡಿದೆಯಂತೆ. ಮಿಷನ್ ಹಾಕಿಕೊಳ್ಳಬಹುದು, ಆಪರೇಷನ್ನೂ ಇದೆ, ಗಾಬರಿ ಬೇಡ ಅಂದರು. "ಮನೆಯಲ್ಲಿ ಇನ್ಯಾರಿಗಾದ್ರೂ ಹೀಗಿತ್ತಾ?" ಅಂತ ಕೇಳಿದರು. ನಮ್ಮವ್ವನಿಗೆ ಅಂದೆ. "ಅವರಿಗೆ ಏನು ಚಿಕಿತ್ಸೆ ಕೊಡಿಸಿದ್ರಿ?" ಅಂದರು. ನಾನು ಇವರ ಮುಖ ನೋಡಿದೆ, ಇವರು ನೆಲ ನೋಡಿದರು. ಏನೂ ಇಲ್ಲ ಡಾಕ್ಟ್ರೇ, ನಾವು ಯಾವತ್ತೂ... ಅಂದೆ. ಅವರು ಬರೆದುಕೊಂಡರು. ಇದು ತಾಯಿಯಿಂದ ಮಕ್ಕಳಿಗೆ ಬರಬಹುದು, ಬರದೆಯೂ ಇರಬಹುದು, ಮಗಳನ್ನೂ ಒಮ್ಮೆ ನೋಡೋಣ ಅಂದರು.

ಸಿಂಚನಳನ್ನು ಒಂದು ಚಿಕ್ಕ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ ಬಾಗಿಲು ಮುಚ್ಚಿದರು. ಸದ್ದು ಕೇಳಿಸಿದಾಗೆಲ್ಲ ಬೆರಳು ಎತ್ತಬೇಕು. ನಾನು ಗಾಜಿನ ಈಚೆ ನಿಂತೆ. ಯಾವಾಗ ಸದ್ದು ಬಿಡುತ್ತಿದ್ದಾರೆ ಅಂತ ನನಗೆ ಗೊತ್ತಾಗುವುದಿಲ್ಲ, ಅವಳ ಬೆರಳು ಮಾತ್ರ ಕಾಣುತ್ತದೆ. ಎತ್ತಿದಳು. ಎತ್ತಿದಳು. ಆಮೇಲೆ ತುಂಬ ಹೊತ್ತು ಎತ್ತಲಿಲ್ಲ. ಈಗ ಸದ್ದು ಬಿಟ್ಟಿದ್ದಾರಾ, ಬಿಟ್ಟಿಲ್ಲವಾ? ಬಿಟ್ಟಿದ್ದು ಇವಳಿಗೆ ಕೇಳಿಸಲಿಲ್ಲವಾ? ಆ ಗಾಜಿಗೆ ಹಣೆ ಒತ್ತಿಕೊಂಡು ನಾನು ನೆನೆಯದ ದೇವರಿಲ್ಲ, ಕೊನೆಗೆ ನಿನ್ನನ್ನೂ ನೆನೆದೆ. ಅವಳು ಕಣ್ಣು ಮುಚ್ಚಿಕೊಂಡಳು, ಬೆರಳು ಎತ್ತಿದಳು.

ಎರಡೂ ಕಿವಿ ಚೆನ್ನಾಗಿದೆಯಂತೆ. ಆದರೂ ವರ್ಷಕ್ಕೊಂದು ಸಲ ಬಂದು ತೋರಿಸಿ ಅಂದಿದ್ದಾರೆ. ನಿನ್ನನ್ನು ಇಪ್ಪತ್ತೈದು ವರ್ಷದಲ್ಲಿ ಒಂದೇ ಒಂದು ಸಲ ಆ ಕೋಣೆಯಲ್ಲಿ ಕೂರಿಸದ ನಾನು, ಅವಳನ್ನು ಪ್ರತಿ ವರ್ಷ ಕರೆದುಕೊಂಡು ಹೋಗಿ ಕೂರಿಸುತ್ತೇನೆ. ನಿನ್ನ ಮೊಮ್ಮಗಳಿಗೆ ಕೇಳಿಸುತ್ತದೆ ಅವ್ವಾ.

ನಿನ್ನ,
ಗಿರಿಜ